ಹಕ್ಕಿಗಳ ಒಡನಾಡಿ ಡಾ. ಸಲೀಂ ಅಲಿ



ಚಳಿ ಸರಿದು ಬಿಸಿಲು ಏರತೊಡಗುವ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ನಿಮ್ಮ ಊರಿನ ಬೂರುಗದ ಮರವನ್ನು ತಲೆಯೆತ್ತಿ ನೋಡಿದ್ದೀರಾ? ಒಂದೆಲೆಯೂ ಇಲ್ಲದ ಕೊಂಬೆಗಳ ತುಂಬ ಕೆಂಪು ಹೂಗಳು. ಬೆಳಗಾದರೆ ಸಾಕು, ಗೊರವಂಕ, ಪಿಕಳಾರ, ಕಾಜಾಣ, ಕಾಗೆಗಳೆಲ್ಲ ಅಲ್ಲಿ ಸೇರುತ್ತವೆ. ಹೂವಿನೊಳಗೆ ಕೊಕ್ಕಿಟ್ಟು ಮಕರಂದ ಹೀರುತ್ತವೆ. ಹೀರುವಾಗ ಹಣೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಆ ಪರಾಗ ಇನ್ನೊಂದು ಹೂವಿಗೆ ತಲಪಿ ಅಲ್ಲಿ ಕಾಯಿ ಕಚ್ಚುತ್ತದೆ. ಮುತ್ತುಗದ ಹೂವಿಗೂ ಹಾಲವಾಣದ ಹೂವಿಗೂ ಇದೇ ಕಥೆ. ಹಕ್ಕಿಗೆ ಹೂವಿನ ಉಪಕಾರ, ಹೂವಿಗೆ ಹಕ್ಕಿಯ ಉಪಕಾರ. ನಾವಾದರೋ ಆ ಮರದ ಕೆಳಗೇ ದಿನವೂ ಓಡಾಡುತ್ತೇವೆ, ಮೇಲೆ ನೋಡುವುದಿಲ್ಲ.

ಹಾಗೆ ನಿಂತು ಮೇಲೆ ನೋಡಿದವರೊಬ್ಬರಿದ್ದರು. ಭಾರತದಲ್ಲಿ ಹಕ್ಕಿಗಳಿಗೂ ಹೂಗಳಿಗೂ ಇರುವ ಈ ಕೊಡುಕೊಳ್ಳುವಿಕೆಯ ಬಗ್ಗೆ 1932ರಷ್ಟು ಹಿಂದೆಯೇ ವಿವರವಾದ ಲೇಖನ ಬರೆದವರು ಅವರು. ಹೆಸರು ಸಲೀಂ ಮುಈಝುದ್ದೀನ್ ಅಬ್ದುಲ್ ಅಲಿ. ಜಗತ್ತಿಗೆಲ್ಲ ಪರಿಚಿತವಾದುದು ಸಲೀಂ ಅಲಿ ಎಂಬ ಚಿಕ್ಕ ಹೆಸರು. ಹಕ್ಕಿ ನೋಡುವುದು ಕೆಲಸವಿಲ್ಲದವರ ಕಾಲಹರಣವೆಂದು ಹಲವರು ತಿಳಿಯುತ್ತಾರೆ. ಒಬ್ಬ ಅನಾಥ ಬಾಲಕನ ಇಡೀ ಬದುಕನ್ನು ಈ ಹವ್ಯಾಸ ಹೇಗೆ ರೂಪಿಸಿತು, ಆ ದಾರಿಯಲ್ಲಿ ಅವನ ಜೊತೆ ನಿಂತವರು ಯಾರು ಯಾರು ಎಂಬುದನ್ನು ಕೇಳಿದರೆ ಆ ಅಭಿಪ್ರಾಯ ಬದಲಾದೀತು. ಮಕ್ಕಳನ್ನು ಬೆಳೆಸುವ ನಮಗೂ ಅದರಲ್ಲಿ ಯೋಚಿಸಬೇಕಾದ ಸಂಗತಿಗಳಿವೆ.

ಅನಾಥ ಬಾಲಕ

1896ರ ನವೆಂಬರ್ 12ರಂದು ಮುಂಬಯಿಯ ಒಂದು ಸುಲೈಮಾನಿ ಬೋಹ್ರಾ ಕುಟುಂಬದಲ್ಲಿ ಸಲೀಂ ಅಲಿ ಹುಟ್ಟಿದರು. ಮನೆಯ ಮಕ್ಕಳಲ್ಲಿ ಎಲ್ಲರಿಗಿಂತ ಕಿರಿಯವರು. ಒಂದು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಮೂರು ವರ್ಷವಾದಾಗ ತಾಯಿಯೂ ಇಲ್ಲವಾದರು. ಆಗ ಆ ಮಕ್ಕಳ ಕೈಹಿಡಿದವರು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮುಂಬಯಿಯ ಖೇತ್‌ವಾಡಿಯಲ್ಲಿದ್ದ ಅವರ ಮನೆ ಈ ತಬ್ಬಲಿ ಮಕ್ಕಳ ಮನೆಯಾಯಿತು. ಗಾಂಧೀಜಿಯವರ ಜೊತೆಗಾರರಾಗಿ ಹೆಸರಾದ ಅಬ್ಬಾಸ್ ತಯ್ಯಬ್ಜಿಯವರೂ ಇದೇ ಬಳಗದವರು.

ಬಾಲಕ ಸಲೀಂ ಓದಿನಲ್ಲಿ ಮುಂದಿರಲಿಲ್ಲ. ತೀವ್ರವಾದ ತಲೆನೋವು ಆಗಾಗ ಕಾಡುತ್ತಿತ್ತು. ಒಣಹವೆಯಾದರೂ ಗುಣಕೊಟ್ಟೀತೆಂದು ಹಿರಿಯರು ಅವನನ್ನು ಸಿಂಧ್ ಪ್ರಾಂತಕ್ಕೆ ಕಳುಹಿಸಿದ್ದೂ ಉಂಟು. 1913ರಲ್ಲಿ ಮೆಟ್ರಿಕ್ಯುಲೇಶನ್ ಪಾಸಾದುದು ಕಷ್ಟದಿಂದಲೇ. ಇಂತಹ ಹುಡುಗನಿಂದ ಏನಾದೀತೆಂದು ಯಾರಾದರೂ ಕೇಳಿದ್ದರೆ ಆಶ್ಚರ್ಯವಿರಲಿಲ್ಲ.

ಒಂದು ಗುಬ್ಬಿ, ಒಂದು ಪ್ರಶ್ನೆ

ಮಾವ ಅಮೀರುದ್ದೀನರು ಬೇಟೆಯ ಹವ್ಯಾಸವಿದ್ದವರು. ಅವರು ಸೋದರಳಿಯನಿಗೊಂದು ಆಟದ ಏರ್‌ಗನ್ ಕೊಡಿಸಿದ್ದರು. ಮನೆಯ ಸುತ್ತ ಗುಬ್ಬಿ ಹೊಡೆಯುವುದು ಹುಡುಗರ ಆಟ. ಹೊಡೆದ ಗುಬ್ಬಿಗಳು ಅಡುಗೆಮನೆ ಸೇರುತ್ತಿದ್ದವು. ಹೀಗಿರಲು 1908ರ ಸುಮಾರಿಗೆ, ಸಲೀಮನಿಗೆ ಹನ್ನೆರಡರ ಆಸುಪಾಸಿನ ಪ್ರಾಯವಾಗಿದ್ದಾಗ, ಒಂದು ದಿನ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಬಣ್ಣದ ಮಚ್ಚೆಯೊಂದು ಕಾಣಿಸಿತು. ಉಳಿದ ಗುಬ್ಬಿಗಳಂತೆ ಇದು ಇರಲಿಲ್ಲ.

ಬೇರೆ ಹುಡುಗನಾಗಿದ್ದರೆ ಅದನ್ನೂ ಉಳಿದವುಗಳ ಜೊತೆ ಎಸೆಯುತ್ತಿದ್ದ. ಸಲೀಂ ಹಾಗೆ ಮಾಡಲಿಲ್ಲ. ಇದು ಯಾವ ಹಕ್ಕಿ, ಮುಸಲ್ಮಾನನಾದವನು ಇದನ್ನು ತಿನ್ನಬಹುದೇ, ಇದು ಹಲಾಲೇ ಎಂಬ ಅನುಮಾನ ಅವನನ್ನು ಕಾಡಿತು. ಹಕ್ಕಿಯನ್ನು ಕೈಯಲ್ಲಿ ಹಿಡಿದುಕೊಂಡು ಮಾವನ ಮುಂದೆ ನಿಂತ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ನಮ್ಮ ಮನೆಯಲ್ಲಿ ಒಂದು ಮಗು ಸತ್ತ ಗುಬ್ಬಿಯನ್ನು ಹಿಡಿದು ಬಂದು ಇಂತಹ ಪ್ರಶ್ನೆ ಕೇಳಿದರೆ ನಾವೇನು ಮಾಡುತ್ತೇವೆ? ಕೈ ತೊಳೆದುಕೊಂಡು ಬಾ ಎಂದು ಗದರುತ್ತೇವೆ. ಇಲ್ಲವೇ ಗೊತ್ತಿಲ್ಲದಿದ್ದರೂ ಗೊತ್ತಿದ್ದವರಂತೆ ಏನೋ ಒಂದು ಉತ್ತರ ಕೊಟ್ಟು ಕಳುಹಿಸುತ್ತೇವೆ. ಅಮೀರುದ್ದೀನರು ಈ ಎರಡನ್ನೂ ಮಾಡಲಿಲ್ಲ. ಅವರು ಹಕ್ಕಿಯನ್ನು ನೋಡಿದರು. ತಮಗೆ ತಿಳಿಯದೆಂದು ಕಂಡಾಗ, ತಿಳಿದವರ ಹೆಸರಿಗೆ ಒಂದು ಪತ್ರ ಬರೆದು ಹುಡುಗನ ಕೈಯಲ್ಲಿ ಕೊಟ್ಟರು. ಪತ್ರ ಹೋದುದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಎಂಬವರಿಗೆ. 1883ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯಲ್ಲಿ ಆಗ ಬಿಳಿಯರದೇ ದರ್ಬಾರು. ಹುಡುಗ ಅಳುಕುತ್ತಲೇ ಒಳಗೆ ಹೋದ. ಮಿಲ್ಲಾರ್ಡ್ ಅವನನ್ನು ಮಗುವೆಂದು ತಳ್ಳಿಹಾಕಲಿಲ್ಲ. ಅದು ಹಳದಿ ಕೊರಳಿನ ಗುಬ್ಬಿಯೆಂದು ಗುರುತಿಸಿದರು. ಬೀರುಗಳ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಒಳಗೆ ಸಾಲಾಗಿ ಜೋಡಿಸಿಟ್ಟ ಗುಬ್ಬಿಗಳ ಮಾದರಿಗಳನ್ನು ತೋರಿಸಿದರು. ಹಕ್ಕಿಗಳ ಕುರಿತ ಪುಸ್ತಕಗಳನ್ನು ಓದಲು ಕೊಟ್ಟರು. ಮಾದರಿಗಳನ್ನು ಕೆಡದಂತೆ ಸಿದ್ಧಪಡಿಸುವುದನ್ನೂ ಟಿಪ್ಪಣಿ ಬರೆದಿಡುವುದನ್ನೂ ಕಲಿಯಲು ಏರ್ಪಾಡು ಮಾಡಿದರು. ಮುಂದೆ ಎಂಬತ್ತು ವರ್ಷಗಳ ಕಾಲ ಹರಿದ ಹೊಳೆಯ ಮೂಲ ಆ ದಿನ.

ಅದೇ ಮನೆಯ ಇನ್ನೊಂದು ಮುಖ

ಇನ್ನೊಂದು ಸಂಗತಿಯನ್ನೂ ಮರೆಮಾಚದೆ ಹೇಳಬೇಕು. ಸಲೀಂ ಅಲಿಯವರು ಧಾರ್ಮಿಕ ಆಚರಣೆಗಳಿಂದ ದೂರವಾಗಿಯೇ ಬದುಕಿದವರು. ಅದನ್ನು ಅವರು ಮುಚ್ಚಿಡಲಿಲ್ಲ. ಬಾಲ್ಯದಲ್ಲಿ ಅರ್ಥ ತಿಳಿಸದೆ ಪಠಣ ಮಾಡಿಸಿದ್ದನ್ನೂ, ಕೆಲವು ಹಿರಿಯರ ಭಕ್ತಿ ತೋರಿಕೆಯದಾಗಿ ಕಂಡದ್ದನ್ನೂ ಅವರು 1985ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರು ಹೇಗಿರಲಿಲ್ಲವೋ ಹಾಗೆ ಅವರನ್ನು ಚಿತ್ರಿಸುವುದು ಸತ್ಯಕ್ಕೆ ಅಪಚಾರವಾದೀತು.

ಆದರೆ ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಬಾಲ್ಯ ಒಂದೇ, ಹುಡುಗನೂ ಒಬ್ಬನೇ. ಒಂದು ಕಡೆ ಅವನ ಪ್ರಶ್ನೆಗೆ ಬೆಲೆ ಕೊಟ್ಟರು, ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಬಳಿ ಕೇಳಿಸಿದರು, ಕಣ್ಣಿಗೆ ಕಾಣುವಂತೆ ತೋರಿಸಿದರು. ಆ ವಿದ್ಯೆ ಅವನ ರಕ್ತದಲ್ಲಿ ಬೆರೆತುಹೋಯಿತು. ಇನ್ನೊಂದು ಕಡೆ ಅರ್ಥ ಹೇಳದೆ ಬಾಯಿಪಾಠ ಮಾಡಿಸಿದರು. ಅದು ನಾಲಿಗೆಯ ತುದಿಯಲ್ಲೇ ಉಳಿಯಿತು. ಗಮನಿಸಿರಿ, ಇದು ಹಲಾಲೇ ಎಂದು ತಾನಾಗಿಯೇ ಬಂದು ಕೇಳಿದ್ದ ಬಾಲಕ ಅವನು. ಕೇಳುವ ಮನಸ್ಸು ಅವನಲ್ಲಿತ್ತು. ನಮ್ಮ ಮಕ್ಕಳಲ್ಲೂ ಇದೆ. ಅವರು ಕೇಳಿದಾಗ ನಾವು ಯಾವ ಅಮೀರುದ್ದೀನರನ್ನು ನೆನಪಿಸಿಕೊಳ್ಳಬೇಕು ಎಂಬುದನ್ನು ತಂದೆ-ತಾಯಂದಿರೂ ಉಸ್ತಾದರೂ ಯೋಚಿಸಬೇಕು.

ಪದವಿಯಿಲ್ಲದ ವಿದ್ವಾಂಸ

ಕುಟುಂಬದವರಿಗೆ ಬರ್ಮಾದ ತವಾಯ್ ಎಂಬಲ್ಲಿ ಗಣಿ ಮತ್ತು ಮರದ ವ್ಯಾಪಾರವಿತ್ತು. ಸಲೀಂ ಅಲಿ ಅಲ್ಲಿಗೆ ಹೋದರು. ವ್ಯಾಪಾರಕ್ಕಿಂತ ಅಲ್ಲಿನ ಕಾಡೇ ಅವರನ್ನು ಸೆಳೆಯಿತು. 1917ರಲ್ಲಿ ಮರಳಿ ಬಂದು ವಾಣಿಜ್ಯ ಮತ್ತು ಲೆಕ್ಕಪತ್ರದ ವಿದ್ಯೆ ಕಲಿಯತೊಡಗಿದರು. ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಎಂಬ ಅಧ್ಯಾಪಕರು ಈ ಯುವಕನ ಒಲವನ್ನು ಗುರುತಿಸಿ ಪ್ರಾಣಿಶಾಸ್ತ್ರ ಓದುವಂತೆ ಹುರಿದುಂಬಿಸಿದರು. ಆದರೆ ವಿಶ್ವವಿದ್ಯಾಲಯದ ಪದವಿ ಅವರಿಗೆ ದಕ್ಕಲಿಲ್ಲ. ಅದರಿಂದಾಗಿಯೇ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಪಕ್ಷಿತಜ್ಞನ ಹುದ್ದೆ ಕೈತಪ್ಪಿತು.

1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ವೀಕ್ಷಕರಿಗೆ ವಿವರಣೆ ಕೊಡುವ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 350 ರೂಪಾಯಿ. ಎರಡು ವರ್ಷಗಳಲ್ಲಿ ತನಗೆ ತಿಳಿದಿರುವುದು ಸಾಲದೆನಿಸಿತು. 1928ರಲ್ಲಿ ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ನಿನಲ್ಲಿ ಪ್ರೊಫೆಸರ್ ಎರ್ವಿನ್ ಸ್ಟ್ರೇಸ್ಮನ್‌ರ ಬಳಿ ಕಲಿತರು. ಅವರನ್ನೇ ಕೊನೆಯವರೆಗೂ ತಮ್ಮ ಗುರುವೆಂದು ಭಾವಿಸಿದರು. 1930ರಲ್ಲಿ ಊರಿಗೆ ಮರಳಿದಾಗ ಕಾದಿದ್ದ ಸುದ್ದಿಯೇನು? ಹಣವಿಲ್ಲವೆಂದು ಅವರ ಹುದ್ದೆಯನ್ನೇ ರದ್ದುಮಾಡಲಾಗಿತ್ತು.

ಮೂವತ್ತಮೂರರ ಪ್ರಾಯ, ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ಹೆಂಡತಿ. ಬೇರೆ ಯಾರಾದರೂ ಎದೆಗುಂದುತ್ತಿದ್ದರು. ಸಲೀಂ ಅಲಿ ದಂಪತಿಗಳು ಮುಂಬಯಿಯ ಎದುರಿನ ಕಡಲತೀರದ ಕಿಹಿಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಮನೆಯ ಹತ್ತಿರವೇ ಗೀಜಗ ಹಕ್ಕಿಗಳ ಗೂಡುಗಳಿದ್ದವು. ಗೀಜಗದ ಗೂಡನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಈಚಲು ಮರದಲ್ಲೋ ಬಾವಿಯ ಮೇಲೆ ಬಾಗಿದ ಜಾಲಿಯಲ್ಲೋ ಸೋರೆಬುರುಡೆಯಂತೆ ತೂಗುವ ಆ ಹುಲ್ಲಿನ ಗೂಡುಗಳನ್ನು ಎಲ್ಲರೂ ನೋಡಿದ್ದಾರೆ. ಆದರೆ ಅಲ್ಲಿ ನಡೆಯುವ ಸಂಸಾರವನ್ನು ತಾಳ್ಮೆಯಿಂದ ನೋಡಿದವರು ಇವರು. ತಿಂಗಳುಗಟ್ಟಲೆ ಕುಳಿತು ನೋಡಿದಾಗ ತಿಳಿದ ವಿಷಯವಿದು: ಗೂಡು ಕಟ್ಟುವುದು ಗಂಡು. ಅರ್ಧ ಕಟ್ಟಿ ಕಾಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಅದರಲ್ಲಿ ನೆಲೆಸುತ್ತದೆ, ಗಂಡು ಗೂಡನ್ನು ಪೂರ್ತಿಗೊಳಿಸುತ್ತದೆ. ಅದಾದ ಬಳಿಕ ಗಂಡು ಇನ್ನೊಂದು ಗೂಡು ಕಟ್ಟತೊಡಗುತ್ತದೆ, ಇನ್ನೊಂದು ಹೆಣ್ಣನ್ನು ಬರಮಾಡಿಕೊಳ್ಳುತ್ತದೆ. ಈ ಅಧ್ಯಯನದಿಂದ ಸಲೀಂ ಅಲಿಯವರ ಹೆಸರು ಹೊರದೇಶಗಳ ವಿದ್ವಾಂಸರಿಗೂ ತಲಪಿತು. ನಿರುದ್ಯೋಗದ ದಿನಗಳು ಅವರಿಗೆ ಕೊಟ್ಟ ಫಲವಿದು.

ಬಾಳಸಂಗಾತಿ ತೆಹ್ಮೀನಾ

1918ರಲ್ಲಿ ಸಲೀಂ ಅಲಿ ತಮ್ಮ ದೂರದ ಸಂಬಂಧಿ ತೆಹ್ಮೀನಾರನ್ನು ವಿವಾಹವಾಗಿದ್ದರು. ಆಕೆ ವಿದ್ಯಾವಂತೆ. ನಗರದ ಸೌಕರ್ಯಗಳನ್ನು ಬಲ್ಲವರು. ಆದರೂ ಗಂಡನ ಜೊತೆ ಡೇರೆಗಳಲ್ಲಿ ಬದುಕಲು ಸಂತೋಷದಿಂದ ಹೊರಟರು. ಹೈದರಾಬಾದ್, ತಿರುವಿದಾಂಕೂರು, ಕೊಚ್ಚಿ, ಭೋಪಾಲ, ಇಂದೂರು, ಗ್ವಾಲಿಯರ್ ಹೀಗೆ ಒಂದೊಂದು ಸಂಸ್ಥಾನದಲ್ಲಿ ಸಲೀಂ ಅಲಿ ಪಕ್ಷಿ ಸಮೀಕ್ಷೆ ನಡೆಸಿದರು. ಅವರು ಸಂಸ್ಥಾನಗಳ ಮುಂದಿಟ್ಟ ಕರಾರು ಸರಳವಾಗಿತ್ತು. ತನಗೆ ಸಂಬಳ ಬೇಡ, ಶಿಬಿರದ ಮತ್ತು ಪ್ರಯಾಣದ ಖರ್ಚು ಕೊಟ್ಟರೆ ಸಾಕು. ಹಣಕ್ಕಾಗಿ ವಿದ್ಯೆಯಲ್ಲ ಎಂಬ ಮಾತನ್ನು ನಾವು ಭಾಷಣಗಳಲ್ಲಿ ಕೇಳುತ್ತೇವೆ. ಕೆಲಸ ಕಳೆದುಕೊಂಡ ಒಬ್ಬ ಮನುಷ್ಯ ಅದನ್ನು ಮಾಡಿ ತೋರಿಸಿದರು. ಅದನ್ನು ಒಪ್ಪಿಕೊಂಡು ಬಾಳಿದ ಪತ್ನಿಯ ಪಾಲು ಅದರಲ್ಲಿ ಚಿಕ್ಕದಲ್ಲ.

1939ರಲ್ಲಿ ಒಂದು ಸಣ್ಣ ಶಸ್ತ್ರಕ್ರಿಯೆಯ ನಂತರ ತೆಹ್ಮೀನಾ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಸಹೋದರಿ ಮತ್ತು ಭಾವನವರ ಮನೆಯಲ್ಲಿ ನೆಲೆಸಿದರು.

ಕಾವೇರಿಯ ನಡುಗಡ್ಡೆಗಳು

ಆ ದುಃಖ ಇನ್ನೂ ಹಸಿಯಾಗಿದ್ದಾಗ, 1939-40ರಲ್ಲಿ, ಅವರು ನಮ್ಮ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಕೈಗೊಂಡರು. ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ಕಿರುದ್ವೀಪಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟಿ ಮರಿಮಾಡುವುದನ್ನು ಕಂಡರು. ಆ ಜಾಗವನ್ನು ರಕ್ಷಿಸಬೇಕೆಂದು ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಅದೇ ಇಂದಿನ ರಂಗನತಿಟ್ಟು. 2022ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸರ್ ಮನ್ನಣೆಯೂ ದೊರೆಯಿತು.

ಶಾಲೆಯ ಪ್ರವಾಸದಲ್ಲಿ ನಿಮ್ಮ ಮಕ್ಕಳು ಅಲ್ಲಿಗೆ ಹೋಗಿರಬಹುದು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ದೋಣಿಯಲ್ಲಿ ಕುಳಿತರೆ ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚದ ಕೊಕ್ಕು, ಬೆಳ್ಳಕ್ಕಿ, ನೀರುಕಾಗೆಗಳ ಸಂತೆಯೇ ಕಾಣಸಿಗುತ್ತದೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತಿರುತ್ತವೆ. ಮುಂದಿನ ಸಲ ಹೋದಾಗ ಆ ದಡದಲ್ಲಿ ನಿಂತು, ಇದನ್ನು ಉಳಿಸಿಕೊಡಿ ಎಂದು ಕೇಳಿಕೊಂಡವರು ಯಾರೆಂಬುದನ್ನು ಮಕ್ಕಳಿಗೆ ತಿಳಿಸಿರಿ.

ಕಣ್ಣು ಮರಳಿ ಪಡೆದ ಗೆಳೆಯ

ಎರಡನೇ ಮಹಾಯುದ್ಧದ ಸಮಯ. 1942ರ ಫೆಬ್ರವರಿಯಲ್ಲಿ ಜಪಾನೀಯರು ಸಿಂಗಾಪುರವನ್ನು ಮುತ್ತಿದಾಗ ಅಲ್ಲಿನ ಸಿರಿವಂತ ಚೀನೀ ಮನೆತನದ ಲೋಕ್ ವಾನ್ ಥೋ ಎಂಬ ಯುವಕ ಹಡಗು ಹತ್ತಿ ಪಾರಾಗಲು ಹೊರಟ. ಹಡಗಿನ ಮೇಲೆ ಬಾಂಬು ಬಿತ್ತು. ಮೈ ಸುಟ್ಟಿತು, ಕೆಲಕಾಲ ಕಣ್ಣೂ ಕಾಣದಾಯಿತು. ಚಿಕಿತ್ಸೆಯಿಂದ ಚೇತರಿಸಿಕೊಂಡು, ನಿರಾಶ್ರಿತನಾಗಿ ಭಾರತಕ್ಕೆ ಬಂದು ಸೇರಿದ. ಮುಂಬಯಿಯಲ್ಲಿ ಅವನಿಗೆ ಸಿಕ್ಕಿದ ಗೆಳೆಯ ಸಲೀಂ ಅಲಿ. ವಯಸ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷಗಳ ಅಂತರ. ದೇಶ ಬೇರೆ, ಧರ್ಮ ಬೇರೆ, ಭಾಷೆ ಬೇರೆ. ಆದರೂ ಹಕ್ಕಿಗಳು ಅವರಿಬ್ಬರನ್ನು ಒಂದುಗೂಡಿಸಿದವು.

ಒಬ್ಬರು ನೋಡಿ ಬರೆಯುವವರು, ಇನ್ನೊಬ್ಬರು ನೋಡಿ ಚಿತ್ರ ಹಿಡಿಯುವವರು. ಅಂದಿನ ಛಾಯಾಗ್ರಹಣ ಇಂದಿನ ಮೊಬೈಲಿನ ಆಟವಾಗಿರಲಿಲ್ಲ. ಭಾರವಾದ ಕ್ಯಾಮರಾ, ಮುಕ್ಕಾಲಿ, ಎಣಿಸಿ ಬಳಸಬೇಕಾದ ಫಿಲ್ಮು. ಗೂಡಿನ ಎದುರು ಬಟ್ಟೆಯ ಮರೆ ಕಟ್ಟಿ, ಹಕ್ಕಿಗೆ ಅದು ಅಭ್ಯಾಸವಾಗುವವರೆಗೂ ಕಾಯಬೇಕು. ಆಮೇಲೆ ಅದರೊಳಗೆ ಕೆಮ್ಮದೆ, ಅಲುಗಾಡದೆ ಗಂಟೆಗಟ್ಟಲೆ ಕೂರಬೇಕು. ತಾಯಿಹಕ್ಕಿ ಗುಟುಕು ತಂದು ಮರಿಯ ಬಾಯಿಗಿಡುವ ಆ ಒಂದು ಕ್ಷಣಕ್ಕಾಗಿ ಇಷ್ಟೆಲ್ಲ. ಚಿತ್ರ ಸರಿಯಾಗಿ ಬಂತೋ ಇಲ್ಲವೋ ಎಂದು ತಿಳಿಯುವುದು ಫಿಲ್ಮು ತೊಳೆದ ಮೇಲೆಯೇ. ಒಮ್ಮೆ ಕಣ್ಣಿನ ಬೆಳಕು ಕಳೆದುಕೊಂಡಿದ್ದವನಿಗೆ ನೋಟದ ಬೆಲೆ ಇತರರಿಗಿಂತ ಹೆಚ್ಚು ತಿಳಿದಿದ್ದಿರಬೇಕು.

ಯುದ್ಧ ಮುಗಿದ ಮೇಲೆ ಲೋಕ್ ಸಿಂಗಾಪುರಕ್ಕೆ ಮರಳಿ ದೊಡ್ಡ ಚಲನಚಿತ್ರ ಉದ್ಯಮಿಯಾದರು. ಆದರೂ ಗೆಳೆತನ ಬಿಡಲಿಲ್ಲ. ಮತ್ತೆ ಮತ್ತೆ ಭಾರತಕ್ಕೆ ಬಂದು ಸಲೀಂ ಅಲಿಯವರೊಡನೆ ಕಾಡುಮೇಡು ಅಲೆದರು. ಹಲವು ಪ್ರವಾಸಗಳಿಗೆ ತಾವೇ ಹಣ ಒದಗಿಸಿದರು. 1957ರಲ್ಲಿ ಅವರ ಪಕ್ಷಿಚಿತ್ರಗಳ ಪುಸ್ತಕ ಹೊರಬಂತು. 1964ರ ಜೂನ್ 20ರಂದು ತೈವಾನಿನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಪತ್ನಿಯೊಂದಿಗೆ ತೀರಿಕೊಂಡರು. ಆಗ ಅವರಿಗೆ ಐವತ್ತೂ ಆಗಿರಲಿಲ್ಲ. ಐಶ್ವರ್ಯವಿದ್ದವನು ಅದನ್ನು ಎಲ್ಲಿ ಖರ್ಚು ಮಾಡುತ್ತಾನೆ ಎಂಬುದರಿಂದ ಅವನ ಮನಸ್ಸು ತಿಳಿಯುತ್ತದೆ. ಗೆಳೆಯನ ವಿದ್ಯೆಗೆ ಹೆಗಲು ಕೊಟ್ಟ ಸಿರಿವಂತನೆಂದು ಲೋಕ್‌ರನ್ನು ಇಂದಿಗೂ ನೆನೆಯುತ್ತಾರೆ.

1945ರ ಏಪ್ರಿಲ್‌ನಲ್ಲಿ ಸಲೀಂ ಅಲಿ ಕಛ್‌ನ ರಣದಲ್ಲಿ ರಾಜಹಂಸಗಳು ಗೂಡು ಕಟ್ಟುವ ತಾಣಕ್ಕೆ ಹೋದರು. ಉಪ್ಪುನೀರಿನ ಆ ಬಯಲಲ್ಲಿ ಕೆಸರನ್ನು ಗುಪ್ಪೆ ಮಾಡಿ ಕಟ್ಟಿದ ಗೂಡುಗಳು ಕಣ್ಣು ಹಾಯುವಷ್ಟು ದೂರ ಹರಡಿದ್ದವು. ದೊಡ್ಡವೂ ಮರಿಗಳೂ ಸೇರಿ ಐದು ಲಕ್ಷದಷ್ಟು ಹಕ್ಕಿಗಳಿರಬಹುದೆಂದು ಅವರು ಅಂದಾಜು ಮಾಡಿದರು.

ಸತ್ಯ ಸಾಕ್ಷ್ಯ, ಸುಳ್ಳು ಸಾಕ್ಷ್ಯ

ಹಕ್ಕಿ ನೋಡುವವನು ಒಬ್ಬ ಸಾಕ್ಷಿ. ಇಂತಹ ಹಕ್ಕಿಯನ್ನು ಇಂತಹ ದಿನ ಇಂತಹ ಊರಿನಲ್ಲಿ ಕಂಡೆ ಎಂದು ಅವನು ಬರೆದಿಟ್ಟರೆ ಮುಂದಿನವರು ಅದನ್ನು ನಂಬಿ ನಡೆಯುತ್ತಾರೆ. ಕಾಡಿನಲ್ಲಿ ಅವನನ್ನು ಪರೀಕ್ಷಿಸುವವರು ಯಾರೂ ಇರುವುದಿಲ್ಲ. ಆದ್ದರಿಂದ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದುದು ಪ್ರಾಮಾಣಿಕತೆ.

1937ರಲ್ಲಿ ಸಲೀಂ ಅಲಿ ಅಫ್ಘಾನಿಸ್ತಾನಕ್ಕೆ ಹೋದಾಗ ಜೊತೆಗಿದ್ದವರು ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಹೆಸರಾಂತ ಬ್ರಿಟಿಷ್ ಪಕ್ಷಿತಜ್ಞ. ಆತ ತನ್ನ ದಿನಚರಿಯಲ್ಲಿ ಸಲೀಂ ಅಲಿಯವರನ್ನು ಹೀಯಾಳಿಸಿ ಬರೆದಿದ್ದ. ಹಕ್ಕಿಗಳ ವಿಷಯವೊಂದು ಬಿಟ್ಟರೆ ಬೇರಾವುದಕ್ಕೂ ಪ್ರಯೋಜನವಿಲ್ಲದ ಮನುಷ್ಯ ಎಂಬುದು ಅದರ ಸಾರ. ವರ್ಷಗಳ ಮೇಲೆ ಅದು ಸಲೀಂ ಅಲಿಯವರ ಕಣ್ಣಿಗೆ ಬಿತ್ತು. ಅವರು ಸಿಟ್ಟಾಗಲಿಲ್ಲ, ಉತ್ತರ ಕೊಡಲಿಲ್ಲ. ಆ ನಿಂದೆಯನ್ನು ನಗುನಗುತ್ತ ತಮ್ಮ ಆತ್ಮಕಥೆಯಲ್ಲೇ ಸೇರಿಸಿ ಓದುಗರ ಮುಂದಿಟ್ಟರು.

ಕಾಲ ಏನು ತೋರಿಸಿತು ನೋಡಿರಿ. 1990ರ ದಶಕದಲ್ಲಿ ವಿದ್ವಾಂಸರು ಆ ಕರ್ನಲ್‌ನ ಸಂಗ್ರಹವನ್ನು ಪರೀಕ್ಷಿಸಿದಾಗ ಅವನು ಇತರರ ಹಕ್ಕಿ ಮಾದರಿಗಳನ್ನು ಕದ್ದು, ಸುಳ್ಳು ಊರು ಸುಳ್ಳು ತಾರೀಕು ಬರೆದ ಚೀಟಿ ಅಂಟಿಸಿದ್ದನೆಂಬುದು ಬಯಲಾಯಿತು. ಕಾಡುಗೂಬೆಯ ಒಂದು ಅಪರೂಪದ ಜಾತಿಯನ್ನು 1914ರಲ್ಲಿ ಗುಜರಾತಿನಲ್ಲಿ ಪಡೆದೆನೆಂದು ಅವನು ದಾಖಲಿಸಿದ್ದ. ಆ ಸುಳ್ಳನ್ನು ನಂಬಿ ಹುಡುಕಿದವರು ಬರಿಗೈಯಲ್ಲಿ ಮರಳಿದರು. ಸುಳ್ಳು ದಾಖಲೆಯನ್ನು ಬದಿಗಿಟ್ಟು ನಿಜವಾದ ಹಳೆಯ ದಾಖಲೆಗಳ ಜಾಡಿನಲ್ಲಿ ಹುಡುಕಿದಾಗ, 1997ರ ನವೆಂಬರ್‌ನಲ್ಲಿ ಆ ಗೂಬೆ ಮಹಾರಾಷ್ಟ್ರದಲ್ಲಿ ಜೀವಂತವಾಗಿ ಕಾಣಿಸಿಕೊಂಡಿತು. ಹಕ್ಕಿಯ ವಿಷಯದಲ್ಲಿ ಹೇಳಿದ ಒಂದು ಸುಳ್ಳು ಎಷ್ಟು ಮಂದಿಯನ್ನು, ಎಷ್ಟು ವರ್ಷ ದಾರಿತಪ್ಪಿಸಿತು! ನಿಂದಿಸಿದವನ ಹೆಸರಿಗೆ ಕಳಂಕ ಉಳಿಯಿತು. ನಿಂದೆ ಕೇಳಿ ನಕ್ಕವರ ಟಿಪ್ಪಣಿಗಳನ್ನು ವಿದ್ವಾಂಸರು ಇಂದಿಗೂ ವಿಶ್ವಾಸದಿಂದ ಬಳಸುತ್ತಾರೆ.

ಕೋವಿಯ ಮಾತು

ಸಲೀಂ ಅಲಿ ಕೋವಿ ಹಿಡಿದವರು ಎಂಬುದೂ ನಿಜ. ಸಮೀಕ್ಷೆಗಾಗಿ ಅವರು ಬಹಳಷ್ಟು ಹಕ್ಕಿಗಳನ್ನು ಹೊಡೆದರು. ಅಂದು ಹಕ್ಕಿಯ ಜಾತಿಯನ್ನು ಖಚಿತವಾಗಿ ಹೇಳಲು ಅದೇ ದಾರಿಯಾಗಿತ್ತು. ಅದನ್ನು ಅವರು ಸಮರ್ಥಿಸಿಕೊಂಡರು. ಆದರೆ ವಿನಾಕಾರಣ ಕೊಲ್ಲುವುದನ್ನು ಒಪ್ಪಲಿಲ್ಲ. ಒಂದು ಗುಬ್ಬಿಯನ್ನಾದರೂ ಸುಮ್ಮನೆ ಕೊಂದರೆ ಅದಕ್ಕೆ ಉತ್ತರ ಹೇಳಬೇಕಾದೀತೆಂಬುದು ನಮ್ಮ ಮನೆಗಳಲ್ಲಿ ಹಿರಿಯರು ಕಲಿಸುತ್ತ ಬಂದ ಪಾಠವಷ್ಟೆ.

ರಾಜಸ್ಥಾನದ ಭರತಪುರದ ಕೆರೆಬಯಲು ರಾಜರ, ವೈಸ್‌ರಾಯ್‌ಗಳ ಬೇಟೆಯ ತಾಣವಾಗಿತ್ತು. 1938ರ ನವೆಂಬರ್ 12ರ ಒಂದೇ ದಿನ ಅಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿದರು. ಅದು ಮೋಜಿನ ಬೇಟೆ. ಸ್ವಾತಂತ್ರ್ಯ ಬಂದ ಮೇಲೆ ಆ ನೀರನ್ನು ಹರಿಯಬಿಟ್ಟು ಹೊಲ ಮಾಡಬೇಕೆಂಬ ಕೂಗೆದ್ದಿತು. ಸಲೀಂ ಅಲಿ ಪ್ರಧಾನಿ ನೆಹರೂರವರೆಗೂ ಹೋಗಿ ಅದನ್ನು ಉಳಿಸಿದರು. ಇಂದು ಕೋವಿಯ ಜಾಗವನ್ನು ಕ್ಯಾಮರಾ ಮತ್ತು ದುರ್ಬೀನು ತೆಗೆದುಕೊಂಡಿವೆ. ಇದು ಸಂತೋಷದ ಬದಲಾವಣೆ.

ಮಲೆನಾಡಿನ ಕಾಯಿಲೆ, ಸೈಬೀರಿಯಾದ ಹಕ್ಕಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರಿಗೂ ಜ್ವರ ಹಬ್ಬಿತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಅದರ ವೈರಾಣು ರಷ್ಯಾದ ಒಂದು ರೋಗದ ವೈರಾಣುವಿಗೆ ಹತ್ತಿರದ್ದೆಂದು ತಿಳಿದಾಗ, ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಅದನ್ನು ತಂದವೇ ಎಂಬ ಸಂಶಯ ಹುಟ್ಟಿತು. ಇದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಸಲೀಂ ಅಲಿಯವರ ಮುಂದಾಳ್ತನದಲ್ಲಿ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮತ್ತೆ ಹಾರಬಿಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಉಂಗುರದ ಹಕ್ಕಿ ಬೇರೊಂದು ದೇಶದಲ್ಲಿ ಸಿಕ್ಕಿದರೆ ಅದು ಹೋದ ದಾರಿ ತಿಳಿಯುತ್ತದೆ. ಹಕ್ಕಿಗಳ ವಲಸೆಯ ಬಗ್ಗೆ ಭಾರತದಲ್ಲಿ ತಿಳಿದಿರುವ ಬಹಳಷ್ಟು ವಿಷಯ ಈ ಕೆಲಸದಿಂದ ಬಂದುದು. ಹವ್ಯಾಸವೆಂದು ಆರಂಭವಾದುದು ಜನರ ಪ್ರಾಣಕ್ಕೆ ಸಂಬಂಧಿಸಿದ ವಿದ್ಯೆಯಾಯಿತು.

ಕೊನೆಯ ವರ್ಷಗಳು

1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಸಾಮಾನ್ಯರ ಕೈಗೂ ಹಕ್ಕಿಗಳ ಲೋಕವನ್ನು ತಂದಿಟ್ಟಿತು. ಅಮೆರಿಕದ ಡಿಲ್ಲನ್ ರಿಪ್ಲೆಯವರ ಜೊತೆ ಬರೆದ ಹತ್ತು ಸಂಪುಟಗಳ ಮಹಾಗ್ರಂಥ 1968ರಿಂದ 1974ರ ನಡುವೆ ಪ್ರಕಟವಾಯಿತು. ಮೊದಲ ಸಂಪುಟ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಮೋಟಾರು ಸೈಕಲ್ಲಿನ ಹುಚ್ಚು ಅವರಿಗೆ ಬಹಳ. 1950ರಲ್ಲಿ ಸ್ವೀಡನ್ನಿನ ಪಕ್ಷಿತಜ್ಞರ ಸಮ್ಮೇಳನಕ್ಕೆ ತಮ್ಮ ಮೋಟಾರು ಸೈಕಲ್ಲನ್ನೂ ಕೊಂಡೊಯ್ದಿದ್ದರು. ಅವರು ಭಾರತದಿಂದಲೇ ಅದನ್ನು ಓಡಿಸಿಕೊಂಡು ಬಂದರೆಂದು ಅಲ್ಲಿದ್ದವರು ಬೆರಗಾದರಂತೆ.

1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ ಅವರನ್ನು ಅರಸಿಕೊಂಡು ಬಂದವು. ಪದವಿಯಿಲ್ಲದ ಅವರಿಗೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ 1958ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1976ರಲ್ಲಿ ದೊರೆತ ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಮುಡಿಪಾಗಿಟ್ಟರು. 1987ರಲ್ಲಿ, ತೊಂಬತ್ತು ತುಂಬಿದ ಮೇಲೆ, ಮುಂಬಯಿಯಲ್ಲಿ ಅವರು ತೀರಿಕೊಂಡರು. 2016ರಲ್ಲಿ ಹಿಮಾಲಯದ ಕಾಡಿನಲ್ಲಿ ಹೊಸದಾಗಿ ಗುರುತಿಸಲಾದ ಹಕ್ಕಿಯೊಂದಕ್ಕೆ ವಿಜ್ಞಾನಿಗಳು ಅವರ ಹೆಸರನ್ನಿಟ್ಟಿದ್ದಾರೆ.

ನಮ್ಮ ಅಂಗಳದಲ್ಲಿ

ಓದುಗರೇ, ಈ ಬದುಕಿನ ಉದ್ದಕ್ಕೂ ಸಲೀಂ ಅಲಿ ಒಬ್ಬರೇ ಇದ್ದುದನ್ನು ನೀವು ಎಲ್ಲಿಯಾದರೂ ಕಂಡಿರಾ? ಮಾವ ಪತ್ರ ಬರೆದರು. ಮಿಲ್ಲಾರ್ಡ್ ಸೆಳೆಖಾನೆ ತೆರೆದರು. ಬ್ಲಾಟರ್ ದಾರಿ ತೋರಿದರು. ತೆಹ್ಮೀನಾ ಡೇರೆಯಲ್ಲಿ ಬಾಳಿದರು. ಲೋಕ್ ಕ್ಯಾಮರಾ ಹಿಡಿದು ಪಕ್ಕದಲ್ಲಿ ಕುಳಿತರು. ಪ್ರತಿಯೊಂದು ತಿರುವಿನಲ್ಲೂ ಒಬ್ಬರಲ್ಲ ಒಬ್ಬರು ಜೊತೆಗಿದ್ದರು.

ನಮ್ಮ ಮನೆಗಳಲ್ಲೂ ಇದು ಆಗಬಹುದು. ಹೆಚ್ಚು ಖರ್ಚಿನದಲ್ಲ. ಫಜ್ರ್ ನಮಾಝ್ ಮುಗಿಸಿ ಅಂಗಳಕ್ಕಿಳಿಯುವ ಹೊತ್ತೇ ಹಕ್ಕಿಗಳು ಕೂಗುವ ಹೊತ್ತು. ಬೇಸಿಗೆ ಬಿಸಿಲೇರುವ ಮೊದಲು ಮಕ್ಕಳನ್ನು ಕರೆದುಕೊಂಡು ಕೆರೆಯ ಏರಿಗೋ ತೋಟದ ಬದಿಗೋ ಹೋಗಿರಿ. ಮನೆಗೊಂದು ದುರ್ಬೀನು ಇದ್ದರೆ ಒಬ್ಬರಾದ ಮೇಲೊಬ್ಬರು ನೋಡಲಿ, ಸರದಿ ಕಾಯುವುದನ್ನೂ ಕಲಿಯಲಿ. ಒಂದು ಪುಸ್ತಕದಲ್ಲಿ ತಾರೀಕು, ಸ್ಥಳ, ಕಂಡ ಹಕ್ಕಿ ಬರೆಯಲಿ. ಗುರುತು ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಲಿ, ಊಹಿಸಿ ಹೆಸರು ಹಾಕಬಾರದು. ಚಿತ್ರ ತೆಗೆಯುವ ಆಸೆಗೆ ಗೂಡಿನ ಹತ್ತಿರ ಹೋಗುವುದು, ಅಡ್ಡಬಂದ ಕೊಂಬೆ ಕಡಿಯುವುದು ಸಲ್ಲದು. ಮರೆ ತಪ್ಪಿದ ಗೂಡಿನ ಮರಿಗಳು ಬಿಸಿಲಿಗೂ ಕಾಗೆಗೂ ಬಲಿಯಾಗುತ್ತವೆ. ಒಂದು ಚಿತ್ರಕ್ಕಾಗಿ ಒಂದು ಸಂಸಾರ ಹಾಳಾಗಬಾರದು.

ನಿಮ್ಮ ಮಗು ಏನನ್ನೋ ಕೈಯಲ್ಲಿ ಹಿಡಿದುಕೊಂಡು ಪ್ರಶ್ನೆಯೊಂದಿಗೆ ನಿಮ್ಮ ಮುಂದೆ ಬಂದು ನಿಂತರೆ ಗದರಬೇಡಿರಿ. ಉತ್ತರ ಗೊತ್ತಿದ್ದರೆ ಅರ್ಥವಾಗುವಂತೆ ಹೇಳಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಒಪ್ಪಿ, ತಿಳಿದವರ ಬಳಿಗೆ ಅದರ ಜೊತೆ ನೀವೇ ಹೋಗಿರಿ.